ಕೊಂದು ಕಾಯುವ ಕಿಣ್ವಗಳು

2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕೂನ್‌ಗುನ್ಯಾ ತಗುಲಿರಬಹುದು ಎಂದಿತು ಸರ್ಕಾರದ ಲೆಕ್ಕ. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದದ್ದು ನಮ್ಮ ರಾಜ್ಯದಲ್ಲಿ. 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಾಣಿಸಿಕೊಂಡು, ಆಮೇಲೆ ಮೂರು ದಶಕ ಸುದ್ದಿಯೇ ಇಲ್ಲದಿದ್ದ ವೈರಸ್ಸು ಮತ್ತೆ ಬಂದಾಗ ಅದರ ಹಾದಿಯಲ್ಲಿದ್ದ ಜಿಲ್ಲೆಗಳಲ್ಲಿ ತುಮಕೂರೂ ಒಂದು.

ಆ ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಕೀಲು ಹಿಡಿಯುವ ಈ ಜ್ವರ ಪೆಟ್ಟು ಕೊಡುವುದು ಬದುಕಿಗೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯ ತೋಟಗಳಿಂದ ಹಿಡಿದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯವರೆಗೆ ಎಲ್ಲ ಕೆಲಸವೂ ಮಣಿಕಟ್ಟು, ಮೊಣಕಾಲು, ಸೊಂಟದ ಬಲದ ಮೇಲೆಯೇ ನಡೆಯುವಂಥದ್ದು. ದೋಟಿ ಹಿಡಿದು ಕಾಯಿ ಕೆಡವಬೇಕು, ಬಿದ್ದದ್ದನ್ನು ಆಯ್ದು ಗುಡ್ಡೆ ಹಾಕಬೇಕು, ಹೊತ್ತು ಅಟ್ಟಕ್ಕೆ ಏರಿಸಬೇಕು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಒಡೆಯದಂತೆ ಬಿಡಿಸಬೇಕು. ಬೆರಳು ಮಡಚಲಾಗದವರಿಗೆ, ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಇವುಗಳಲ್ಲಿ ಒಂದೂ ಆಗುವ ಮಾತಲ್ಲ.

ವಿಚಿತ್ರವೆಂದರೆ ವೈರಸ್ಸು ಸುಮಾರು ಒಂದು ವಾರದಲ್ಲಿ ರಕ್ತದಿಂದ ಮರೆಯಾಗುತ್ತದೆ. ಜ್ವರವೂ ಇಳಿಯುತ್ತದೆ. ಕೀಲುನೋವು ಮಾತ್ರ ಕೆಲವರಲ್ಲಿ ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷ ದಾಟಿಯೂ ಉಳಿಯುತ್ತದೆ. ಹಾಗಾದರೆ ನೋವು ಕೊಡುತ್ತಿರುವುದು ವೈರಸ್ಸೋ, ಅದನ್ನು ಓಡಿಸಲು ಬಂದ ನಮ್ಮದೇ ರೋಗನಿರೋಧಕ ಕೋಶಗಳೋ? ಈ ಪ್ರಶ್ನೆ ಹಿಡಿದು ಹೊರಟ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಪ್ರಯೋಗಾಲಯವೊಂದು 2017ರಲ್ಲಿ ಒಂದು ಕಿಣ್ವದತ್ತ ಬೆರಳು ತೋರಿಸಿತು. ಅದರ ಹೆಸರು ಗ್ರಾನ್‌ಝೈಮ್ ಎ. ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುವುದಕ್ಕೆಂದೇ ದೇಹ ಇಟ್ಟುಕೊಂಡಿರುವ ಐದು ಕಿಣ್ವಗಳಲ್ಲಿ ಅದೂ ಒಂದು. ಆ ಆರೋಪ ನಿಂತಿತೋ ಬಿತ್ತೋ ಎಂದು ನೋಡುವ ಮೊದಲು ಈ ಕಿಣ್ವಗಳ ಪರಿಚಯವಾಗಬೇಕು.

ಕೊಲ್ಲದೆ ವಿಧಿಯಿಲ್ಲ

ವೈರಸ್ಸಿಗೆ ಸ್ವಂತ ಸಂಸಾರವಿಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲಿನ ಸಾಮಗ್ರಿಯನ್ನೇ ಬಳಸಿಕೊಂಡು ತನ್ನಂಥವೇ ಸಾವಿರಾರು ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯಗಳು ಹೊರಗೆ ಸಿಕ್ಕ ವೈರಸ್ಸನ್ನು ಹಿಡಿದಾವೇ ಹೊರತು ಕೋಶದೊಳಗೆ ಹೊಕ್ಕು ಕುಳಿತದ್ದನ್ನು ಸಾಮಾನ್ಯವಾಗಿ ಮುಟ್ಟಲಾರವು. ಉಳಿಯುವ ದಾರಿ ಒಂದೇ: ವೈರಸ್ಸು ಮರಿ ಮಾಡಿ ಹೊರಬರುವ ಮುನ್ನ ಅದಕ್ಕೆ ಆಸರೆ ಕೊಟ್ಟ ಕೋಶವನ್ನೇ ಮುಗಿಸುವುದು.

ತೆಂಗು ಬೆಳೆಯುವವರಿಗೆ ಈ ನಿರ್ಧಾರ ಹೊಸದಲ್ಲ. ಅಣಬೆ ರೋಗ ಹತ್ತಿದ ಮರದ ಬುಡದಲ್ಲಿ ಕಂದುಕೆಂಪು ರಸ ಸೋರಲು ಶುರುವಾಗುತ್ತದೆ, ಗರಿಗಳು ಜೋತುಬೀಳುತ್ತವೆ, ಕೊನೆಗೆ ಬುಡದಲ್ಲಿ ಅಣಬೆ ಏಳುತ್ತದೆ. ಶಿಲೀಂಧ್ರ ಬೇರಿನಿಂದ ಬೇರಿಗೆ, ಮರದಿಂದ ಮರಕ್ಕೆ ಹರಿಯುತ್ತದೆ. ರೋಗ ಬಲಿತ ಮರವನ್ನು ಬೇರುಸಹಿತ ತೆಗೆದು ಸುಟ್ಟು, ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಬೇಕು ಎನ್ನುತ್ತಾರೆ ಕೃಷಿ ವಿಜ್ಞಾನಿಗಳು. ಮೂವತ್ತು ವರ್ಷ ಫಲ ಕೊಟ್ಟ ಮರವಾದರೂ ತೋಟ ಉಳಿಯಬೇಕಾದರೆ ಅದು ಹೋಗಬೇಕು. ತೆಂಗಿನ ಮರದೊಳಗೆ ಸುತ್ತಾಡಿ ರೋಗ ಪತ್ತೆ ಹಚ್ಚುವ ಕೋಶಗಳಿಲ್ಲ. ಆ ಕೆಲಸವನ್ನು ಹೊರಗೆ ನಿಂತ ರೈತನೇ ಮಾಡಬೇಕು. ಮನುಷ್ಯ ದೇಹದಲ್ಲಿ ಅದಕ್ಕಾಗಿಯೇ ಹುಟ್ಟಿದ ಎರಡು ಬಗೆಯ ಬಿಳಿ ರಕ್ತಕಣಗಳಿವೆ: ಹಂತಕ ಟಿ ಕೋಶಗಳು, ನ್ಯಾಚುರಲ್ ಕಿಲ್ಲರ್ ಎಂದು ಕರೆಸಿಕೊಳ್ಳುವ ಎನ್‌ಕೆ ಕೋಶಗಳು.

ಕೋಟ್ಯಂತರ ಆರೋಗ್ಯವಂತ ಕೋಶಗಳ ನಡುವೆ ಸೋಂಕಿತ ಕೋಶವನ್ನು ಟಿ ಕೋಶ ಗುರುತಿಸುವುದು ಹೇಗೆ ಎಂಬ ಒಗಟನ್ನು ಬಿಡಿಸಿದವರಲ್ಲಿ ಒಬ್ಬರು ಪಶುವೈದ್ಯರು. ಬ್ರಿಸ್ಬೇನ್‌ನಲ್ಲಿ ಹುಟ್ಟಿ ಪಶುವೈದ್ಯಕೀಯ ಓದಿದ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್‌ಲೆಂಡಿನ ರೋಲ್ಫ್ ಝಿಂಕರ್‌ನಾಗೆಲ್ 1970ರ ದಶಕದ ಆರಂಭದಲ್ಲಿ ಕ್ಯಾನ್‌ಬೆರಾದಲ್ಲಿ ಇಲಿಗಳ ಮಿದುಳುಪೊರೆಗೆ ಉರಿಯೂತ ತರುವ ವೈರಸ್ಸೊಂದನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ತಳಿಯ ಇಲಿಯ ಟಿ ಕೋಶಗಳು ಅದೇ ತಳಿಯ ಸೋಂಕಿತ ಕೋಶಗಳನ್ನು ಕೊಂದವು. ಬೇರೆ ತಳಿಯವನ್ನು, ಅವಕ್ಕೂ ಅದೇ ವೈರಸ್ಸು ತಗುಲಿದ್ದರೂ, ಮುಟ್ಟಲಿಲ್ಲ. ಅಂದರೆ ಟಿ ಕೋಶ ವೈರಸ್ಸನ್ನಷ್ಟೇ ನೋಡುವುದಿಲ್ಲ. ಅದು ತನ್ನವರದೇ ಕೋಶದ ಮೇಲಿದೆಯೇ ಎಂಬುದನ್ನೂ ನೋಡುತ್ತದೆ. 1974ರಲ್ಲಿ ಪ್ರಕಟವಾದ ಈ ಶೋಧಕ್ಕೆ 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಕಾರಣ ಆಮೇಲೆ ತಿಳಿಯಿತು. ನಮ್ಮ ಬಹುತೇಕ ಎಲ್ಲ ಕೋಶಗಳೂ ಒಳಗೆ ತಯಾರಾಗುವ ಪ್ರೊಟೀನುಗಳ ಚೂರುಗಳನ್ನು, ಎಂಟು ಹತ್ತು ಅಮೈನೊ ಆಮ್ಲಗಳಷ್ಟು ಉದ್ದದ ತುಣುಕುಗಳನ್ನು, ಎಚ್‌ಎಲ್‌ಎ ಎಂಬ ಪ್ರೊಟೀನಿನ ಮೇಲಿಟ್ಟು ಹೊರಮೈಯಲ್ಲಿ ಸದಾ ತೋರಿಸುತ್ತಿರುತ್ತವೆ. ಅದರಲ್ಲಿ ವೈರಸ್ಸಿನ ತುಣುಕು ಕಂಡರೆ ಟಿ ಕೋಶ ನಿಲ್ಲುತ್ತದೆ. ಕೆಲವು ಕಿಲಾಡಿ ವೈರಸ್ಸುಗಳು ಎಚ್‌ಎಲ್‌ಎಯನ್ನೇ ಹೊರಗೆ ಬಾರದಂತೆ ಅಡಗಿಸುತ್ತವೆ. ಆಗ ಸರದಿ ಎನ್‌ಕೆ ಕೋಶದ್ದು. ಸ್ವೀಡನ್ನಿನ ಕ್ಲಾಸ್ ಕರ್ರೆ 1980ರ ದಶಕದಲ್ಲಿ ತೋರಿಸಿಕೊಟ್ಟಂತೆ, ಇರಬೇಕಾದ ಗುರುತು ಇಲ್ಲದಿರುವುದೇ ಎನ್‌ಕೆ ಕೋಶಕ್ಕೆ ಅನುಮಾನದ ಸುಳಿವು.

ಐದು ಕಿಣ್ವ, ಐದು ರುಚಿ

ಹಂತಕ ಕೋಶದೊಳಗೆ ಸೂಕ್ಷ್ಮದರ್ಶಕಕ್ಕೆ ಕಾಣುವ ಪುಟ್ಟ ಕಾಳುಗಳಿರುತ್ತವೆ. ಪೊರೆ ಸುತ್ತಿದ ಆ ಕಾಳುಗಳಲ್ಲೇ ಕೊಲ್ಲುವ ಸರಂಜಾಮೆಲ್ಲ ಇರುವುದು. ಸ್ವಿಟ್ಜರ್‌ಲೆಂಡಿನ ಯುರ್ಗ್ ಚಾಪ್ ಅವರ ತಂಡ 1987ರಲ್ಲಿ ಈ ಕಾಳುಗಳಿಂದ ಪ್ರೊಟೀನು ಕತ್ತರಿಸುವ ಕಿಣ್ವಗಳ ಒಂದು ಇಡೀ ಕುಟುಂಬವನ್ನೇ ಬೇರ್ಪಡಿಸಿತು. ಅವೇ ಗ್ರಾನ್‌ಝೈಮ್‌ಗಳು. ಮನುಷ್ಯರಲ್ಲಿ ಐದಿವೆ: ಎ, ಬಿ, ಎಚ್, ಕೆ, ಎಂ. ಇಲಿಗಳಲ್ಲಿ ಹತ್ತು. ಎ ಮತ್ತು ಕೆ ಕಿಣ್ವಗಳ ಜೀನುಗಳು 5ನೇ ವರ್ಣತಂತುವಿನಲ್ಲಿ, ಬಿ ಮತ್ತು ಎಚ್‌ಗಳವು 14ರಲ್ಲಿ, ಎಂ ಕಿಣ್ವದ್ದು 19ರಲ್ಲಿ.

ಇವು ಹೊರಗಿನವೇನಲ್ಲ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಇಳಿದು ಉಂಡ ಬೇಳೆಯ ಪ್ರೊಟೀನನ್ನು ಕತ್ತರಿಸುವ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್. ಸೋಂಕಿತ ಕೋಶವನ್ನು ಕೊಲ್ಲುವ ಗ್ರಾನ್‌ಝೈಮ್. ನಾಲ್ಕೂ ಒಂದೇ ವಂಶದ ಕುಡಿಗಳು. ಈ ವಂಶಕ್ಕೆ ಸೆರೀನ್ ಪ್ರೋಟಿಯೇಸ್ ಎಂದು ಹೆಸರು.

ಗ್ರಾನ್‌ಝೈಮ್ ಬಿಯನ್ನು ಹತ್ತಿರದಿಂದ ನೋಡೋಣ. ಪಕ್ವವಾದ ಕಿಣ್ವದಲ್ಲಿರುವುದು 227 ಅಮೈನೊ ಆಮ್ಲಗಳು. 2000ದಲ್ಲಿ ಇದರ ಸ್ಫಟಿಕ ರಚನೆ ಸಿಕ್ಕಾಗ ಕಂಡದ್ದು ಹೀಗೆ: ಸರಪಳಿ ಮಡಚಿಕೊಂಡು ಎರಡು ಉರುಟು ಪೀಪಾಯಿಗಳಾಗಿದೆ, ಒಂದೊಂದಕ್ಕೂ ಆರಾರು ಪಟ್ಟಿ. ಎರಡರ ನಡುವೆ ಒಂದು ಸೀಳು. ಕತ್ತರಿಸುವ ಕೆಲಸ ನಡೆಯುವುದು ಆ ಸೀಳಿನಲ್ಲಿ. ಅಲ್ಲಿ ಮೂರು ಅಮೈನೊ ಆಮ್ಲಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ನಿಂತಿವೆ: ಹಿಸ್ಟಿಡೀನ್, ಆಸ್ಪಾರ್ಟೇಟ್, ಸೆರೀನ್. ಸರಪಳಿಯಲ್ಲಿ ಇವು ದೂರದೂರದವು. ಮಡಿಕೆ ಬಿದ್ದಾಗ ಮಾತ್ರ ಒಂದೆಡೆ ಸೇರುತ್ತವೆ. ಆಸ್ಪಾರ್ಟೇಟ್ ಹಿಸ್ಟಿಡೀನನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುತ್ತದೆ. ಹಿಸ್ಟಿಡೀನ್ ಸೆರೀನಿನಿಂದ ಒಂದು ಪ್ರೋಟಾನನ್ನು ಸೆಳೆದುಕೊಳ್ಳುತ್ತದೆ. ಹಾಗೆ ಹುರಿಗೊಂಡ ಸೆರೀನಿನ ಆಮ್ಲಜನಕ ಪರಮಾಣು, ಸೀಳಿಗೆ ಬಂದು ಕೂತ ಪ್ರೊಟೀನಿನ ಕೊಂಡಿಯ ಮೇಲೆ ಎರಗಿ ಮುರಿಯುತ್ತದೆ. ಆಮೇಲೆ ಒಂದು ನೀರಿನ ಅಣು ಬಂದು ತುಂಡನ್ನು ಬಿಡಿಸುತ್ತದೆ, ಕಿಣ್ವ ಮುಂದಿನ ಕೊಂಡಿಗೆ ಸಿದ್ಧ.

ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುವುದು ಸೀಳಿನ ಪಕ್ಕದ ಒಂದು ಚಿಕ್ಕ ಗುಳಿ. ಗ್ರಾನ್‌ಝೈಮ್ ಬಿಯ ಗುಳಿಯ ತಳದಲ್ಲಿ ಧನ ವಿದ್ಯುದಂಶದ ಆರ್ಜಿನೀನ್ ಇದೆ. ಹಾಗಾಗಿ ಅದು ಋಣ ವಿದ್ಯುದಂಶದ ಆಸ್ಪಾರ್ಟೇಟ್ ಇರುವ ಜಾಗವನ್ನೇ ಹುಡುಕಿ ಅದರ ಮುಂದಿನ ಕೊಂಡಿ ಕಡಿಯುತ್ತದೆ. ಗ್ರಾನ್‌ಝೈಮ್ ಎಯಲ್ಲಿ ಇದು ತಿರುಗುಮುರುಗು. ಗುಳಿಯ ತಳದಲ್ಲಿ ಆಸ್ಪಾರ್ಟೇಟ್, ಕಡಿತ ಆರ್ಜಿನೀನ್ ಅಥವಾ ಲೈಸೀನ್ ಆದ ಮೇಲೆ. ಎ ಕಿಣ್ವದ ಅಣುಗಳು ಎರಡೆರಡು ಜೋಡಿಯಾಗಿ ಗಂಧಕದ ಕೊಂಡಿಯಿಂದ ಬೆಸೆದುಕೊಂಡೂ ಇರುತ್ತವೆ. ಎಂ ಕಿಣ್ವಕ್ಕೆ ಮೆಥಿಯೊನೀನ್, ಲ್ಯೂಸೀನ್ ಇಷ್ಟ. ಎಚ್ ಕಿಣ್ವಕ್ಕೆ ಫಿನೈಲ್‌ಅಲನೀನ್, ಟೈರೊಸೀನ್. ಕೆ ಕಿಣ್ವದ ಆಯ್ಕೆ ಎ ಕಿಣ್ವದಂಥದ್ದೇ. ಒಂದು ವೈರಸ್ಸು ಒಂದು ಕಿಣ್ವವನ್ನು ಕಟ್ಟಿಹಾಕಿದರೂ ಉಳಿದವಕ್ಕೆ ಬೇರೆ ದಾರಿಗಳಿವೆ.

ಇದು ಬರೀ ಊಹೆಯಲ್ಲ. ಅಡಿನೊವೈರಸ್ 100ಕೆ ಎಂಬ ಪ್ರೊಟೀನಿನಿಂದ ಗ್ರಾನ್‌ಝೈಮ್ ಬಿಯನ್ನು ತಡೆಯುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಗ್ರಾನ್‌ಝೈಮ್ ಎಚ್ ಅದೇ 100ಕೆಯನ್ನು ಕತ್ತರಿಸಿಹಾಕಿ ಬಿ ಕಿಣ್ವವನ್ನು ಬಿಡಿಸುತ್ತದೆ ಎಂಬುದು 2007ರಲ್ಲಿ ಬಯಲಾಯಿತು.

ಅರ್ಧ ನಿಮಿಷದ ಕೆಲಸ

ಇಷ್ಟು ಹರಿತವಾದ ಕಿಣ್ವವೂ ಪೊರೆ ದಾಟಿ ಒಳಹೋಗದಿದ್ದರೆ ನಿಷ್ಪ್ರಯೋಜಕ. ದಾರಿ ಮಾಡಿಕೊಡುವುದು ಪರ್ಫೊರಿನ್ ಎಂಬ ಇನ್ನೊಂದು ಪ್ರೊಟೀನು. ಇದು ಕಿಣ್ವವಲ್ಲ, ಪೊರೆಯಲ್ಲಿ ತೂತು ಕೊರೆಯುವುದಷ್ಟೇ ಇದರ ಕಸುಬು. 2010ರಲ್ಲಿ ಮೆಲ್ಬರ್ನ್ ಮತ್ತು ಲಂಡನ್ನಿನ ವಿಜ್ಞಾನಿಗಳು ಇದರ ರಚನೆಯನ್ನು ಬಿಡಿಸಿಟ್ಟರು. ಇಪ್ಪತ್ತರ ಆಸುಪಾಸಿನಷ್ಟು ಪರ್ಫೊರಿನ್ ಅಣುಗಳು ಪೊರೆಯ ಮೇಲೆ ವೃತ್ತಾಕಾರವಾಗಿ ಸೇರಿಕೊಂಡು, ಪ್ರತಿಯೊಂದೂ ತನ್ನ ದೇಹದ ಒಂದು ಭಾಗವನ್ನು ಬಿಚ್ಚಿ ಪೊರೆಯೊಳಗೆ ಇಳಿಸುತ್ತವೆ. ನಡುವೆ 13ರಿಂದ 20 ನ್ಯಾನೋಮೀಟರ್ ಅಗಲದ ರಂಧ್ರವಾಗುತ್ತದೆ. ಗ್ರಾನ್‌ಝೈಮ್ ಸಲೀಸಾಗಿ ನುಸುಳಲು ಅಷ್ಟು ಸಾಕು. ಪರ್ಫೊರಿನ್ನಿನ ಈ ಭಾಗದ ಮಡಿಕೆ ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳನ್ನು ತೂತು ಮಾಡಲು ಬಳಸುವ ವಿಷದ ಮಡಿಕೆಯನ್ನೇ ಹೋಲುತ್ತದೆ.

ಘಟನೆಗಳು ನಡೆಯುವ ವೇಗ ಬೆರಗು ಹುಟ್ಟಿಸುತ್ತದೆ. ಟಿ ಕೋಶ ಸೋಂಕಿತ ಕೋಶವನ್ನು ತಬ್ಬಿಕೊಳ್ಳುತ್ತದೆ. ಎರಡರ ಪೊರೆಗಳೂ ಅಂಟಿ, ಸುತ್ತ ಬಿಗಿಯಾದ ಒಂದು ಉಂಗುರ ಏರ್ಪಡುತ್ತದೆ. ಟಿ ಕೋಶದೊಳಗಿನ ಕಾಳುಗಳು ಸೂಕ್ಷ್ಮನಾಳಗಳ ಮೇಲೆ ಜಾರುತ್ತ ಆ ಕಡೆಗೇ ಬಂದು ನಿಲ್ಲುತ್ತವೆ, ಪೊರೆಗೆ ಬೆಸೆದು ಒಳಗಿದ್ದದ್ದನ್ನು ಆ ಸಂದಿಗೆ ಸುರಿಯುತ್ತವೆ. ತೂತಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಕಿಣ್ವ ಒಳಗಿರುತ್ತದೆ. ಸೋಂಕಿತ ಕೋಶ ತೂತನ್ನು ಒಂದೂವರೆ ನಿಮಿಷದೊಳಗೆ ಮುಚ್ಚಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಒಳಗೆ ಹೋದ ಗ್ರಾನ್‌ಝೈಮ್ ಬಿ ಸಿಕ್ಕಸಿಕ್ಕದ್ದನ್ನು ಕಡಿಯುತ್ತ ಕೂರುವುದಿಲ್ಲ. ಕೋಶವು ತಾನೇ ಸಾಯುವುದಕ್ಕೆ ಬೇಕಾದ ಏರ್ಪಾಡು ಪ್ರತಿ ಕೋಶದಲ್ಲೂ ಮೊದಲಿನಿಂದ ಇದೆ. ಕಿಣ್ವ ಅದನ್ನು ಎಬ್ಬಿಸುತ್ತದೆ. ಕ್ಯಾಸ್ಪೇಸ್-3 ಎಂಬ ಒಳಗಿನ ಕಿಣ್ವವನ್ನು ಕತ್ತರಿಸಿ ಚುರುಕುಗೊಳಿಸುತ್ತದೆ. ಬಿಡ್ ಎಂಬ ಪ್ರೊಟೀನನ್ನು ಕಡಿದು ಮೈಟೊಕಾಂಡ್ರಿಯಾದ ಹೊರಪೊರೆ ಸೋರುವಂತೆ ಮಾಡುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಅದುಮಿಟ್ಟಿದ್ದ ತಡೆಯನ್ನು ಮುರಿಯುತ್ತದೆ. ಕೋಶದ ಡಿಎನ್‌ಎ ಚೂರುಚೂರಾಗುತ್ತದೆ, ವೈರಸ್ಸಿನ ಪ್ರತಿ ತೆಗೆಯುವ ಕೆಲಸ ನಿಂತುಹೋಗುತ್ತದೆ. ಕೋಶ ಮುದುಡಿ, ಪೊಟ್ಟಣಗಳಾಗಿ ಒಡೆದು, ಕಸ ತಿನ್ನುವ ಮ್ಯಾಕ್ರೊಫೇಜ್ ಕೋಶಗಳ ಪಾಲಾಗುತ್ತದೆ.

ಇದು ಸದ್ದಿಲ್ಲದ ಸಾವು. ಸದ್ದು ಮಾಡುವ ಇನ್ನೊಂದು ದಾರಿಯೂ ಇದೆ ಎಂದು 2020ರಲ್ಲಿ ತಿಳಿಯಿತು. ಗ್ರಾನ್‌ಝೈಮ್ ಎ ಗ್ಯಾಸ್ಡರ್ಮಿನ್ ಬಿ ಎಂಬ ಪ್ರೊಟೀನನ್ನು ಕಡಿಯುತ್ತದೆ ಎಂದು ಬೀಜಿಂಗ್‌ನ ಫೆಂಗ್ ಶಾವೊ ತಂಡವೂ, ಗ್ರಾನ್‌ಝೈಮ್ ಬಿ ಗ್ಯಾಸ್ಡರ್ಮಿನ್ ಇಯನ್ನು ಕಡಿಯುತ್ತದೆ ಎಂದು ಬಾಸ್ಟನ್‌ನ ಜೂಡಿ ಲೀಬರ್‌ಮನ್ ತಂಡವೂ ಪ್ರಕಟಿಸಿದವು. ಆಗ ಕೋಶ ಒಳಗಿನಿಂದ ತೂತಾಗಿ, ಉಬ್ಬಿ, ಸಿಡಿಯುತ್ತದೆ. ಒಳಗಿದ್ದದ್ದು ಹೊರಚೆಲ್ಲಿ ಸುತ್ತಲಿನ ರೋಗನಿರೋಧಕ ಕೋಶಗಳನ್ನೆಲ್ಲ ಕೆರಳಿಸುತ್ತದೆ.

ಕೆಲಸ ಮುಗಿಸಿದ ಟಿ ಕೋಶ ಸಾಯುವುದಿಲ್ಲ, ಕಳಚಿಕೊಂಡು ಮುಂದಿನದನ್ನು ಅರಸುತ್ತದೆ. ಜೀವಂತ ಇಲಿಗಳಲ್ಲಿ ನೋಡಿದಾಗ ಒಂದು ಟಿ ಕೋಶ ದಿನಕ್ಕೆ 2ರಿಂದ 16 ಸೋಂಕಿತ ಕೋಶಗಳನ್ನು ಕೊಲ್ಲುವುದು ಕಂಡುಬಂದಿದೆ.

ಎಲ್ಲೆಲ್ಲೂ ಕೊಲ್ಲುವುದೇ ಸರಿಯಲ್ಲ ಎಂಬುದೂ ಟಿ ಕೋಶಗಳಿಗೆ ಗೊತ್ತಿರುವಂತಿದೆ. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ನರಕೋಶಗಳಲ್ಲಿ ಜೀವಮಾನವಿಡೀ ಅವಿತಿರುತ್ತದೆ. ನರಕೋಶ ಒಮ್ಮೆ ಹೋದರೆ ಹೋದಂತೆ. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ಇಲಿಗಳಲ್ಲಿ ಕಂಡಂತೆ, ಅಲ್ಲಿಗೆ ಹೋದ ಟಿ ಕೋಶಗಳ ಗ್ರಾನ್‌ಝೈಮ್ ಬಿ ನರಕೋಶವನ್ನು ಕೊಲ್ಲದೆ, ವೈರಸ್ಸು ಮತ್ತೆ ಏಳಲು ಬೇಕಾದ ಐಸಿಪಿ4 ಎಂಬ ಪ್ರೊಟೀನನ್ನು ಮಾತ್ರ ಕಡಿದುಹಾಕುತ್ತದೆ.

ತಡೆಯ ಮೇಲೆ ತಡೆ

ಇಂಥ ಸರಕನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ಕೋಶ ತಾನೇ ಯಾಕೆ ಸಾಯುವುದಿಲ್ಲ? ಕಾರಣ, ತಯಾರಾದ ಗಳಿಗೆಯಿಂದ ಬಳಕೆಯಾಗುವವರೆಗೆ ಈ ಕಿಣ್ವಗಳ ಮೇಲೆ ಹೇರಿರುವ ತಡೆಗಳು.

ಗ್ರಾನ್‌ಝೈಮ್ ಹುಟ್ಟುವಾಗ ಅದರ ತುದಿಯಲ್ಲಿ ಎರಡು ಹೆಚ್ಚುವರಿ ಅಮೈನೊ ಆಮ್ಲಗಳಿರುತ್ತವೆ. ಅವು ಇರುವವರೆಗೆ ಸೀಳು ಸರಿಯಾಗಿ ರೂಪುಗೊಳ್ಳದು, ಕಿಣ್ವ ಮೊಂಡು. ಕಾಳಿನೊಳಗೆ ಸೇರಿದ ಮೇಲೆಯೇ ಕ್ಯಾಥೆಪ್ಸಿನ್ ಸಿ ಎಂಬ ಮತ್ತೊಂದು ಕಿಣ್ವ ಆ ಎರಡನ್ನು ತೆಗೆಯುತ್ತದೆ. ಕಾಳಿನ ಒಳಗು ಆಮ್ಲೀಯ. ಆ ಹುಳಿಯಲ್ಲಿ ಗ್ರಾನ್‌ಝೈಮ್ ಚುರುಕಾಗಿರದು, ಕ್ಯಾಲ್ಸಿಯಂ ಸಾಲದೆ ಪರ್ಫೊರಿನ್ ಪೊರೆಗೆ ಅಂಟದು. ಸೆರ್ಗ್ಲೈಸಿನ್ ಎಂಬ ದೊಡ್ಡ ಅಣು ಇವನ್ನೆಲ್ಲ ಹಿಡಿದು ಒತ್ತಾಗಿ ಕೂಡಿಸಿರುತ್ತದೆ. ಸುರಿದ ಮೇಲೆಯೂ ರಕ್ಷಣೆ ಮುಗಿಯದು: ಟಿ ಕೋಶದ ಪೊರೆಯ ಕೊಬ್ಬು ಒತ್ತೊತ್ತಾಗಿ ಜೋಡಿಸಿಕೊಂಡಿರುವುದರಿಂದ ಪರ್ಫೊರಿನ್ ಅದರ ಮೇಲೆ ಸುಲಭವಾಗಿ ಕೂರದು. ಹಾಗೂ ಒಂದಿಷ್ಟು ಗ್ರಾನ್‌ಝೈಮ್ ಬಿ ಒಳಗೇ ಸೋರಿತೆನ್ನಿ, ಸರ್ಪಿನ್ ಬಿ9 ಎಂಬ ಪ್ರೊಟೀನು ಅದರ ಸೀಳಿಗೆ ಸಿಕ್ಕಿಕೊಂಡು ಅದನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ.

ಈ ಕಿಣ್ವಗಳ ಶಕ್ತಿಯ ಪೂರ್ಣ ಅರ್ಥ ಕೊಲ್ಲುವುದರಲ್ಲಿಲ್ಲ, ಈ ತಡೆಗಳಲ್ಲಿದೆ. ಕಾಯಿಲೆ ಹುಟ್ಟುವುದು ಎರಡು ಕಡೆಯಿಂದ: ಕಿಣ್ವ ಹೋಗಬಾರದ ಕಡೆ ಹೋದಾಗ, ಇಲ್ಲವೇ ಹೋಗಬೇಕಾದ ಕಡೆ ಹೋಗದಿದ್ದಾಗ.

ಬ್ರಿಸ್ಬೇನಿನ ಆರೋಪ

ಮೊದಲಿನದಕ್ಕೆ ಚಿಕೂನ್‌ಗುನ್ಯಾ ಒಳ್ಳೆಯ ಉದಾಹರಣೆ ಎಂದೇ 2017ರಲ್ಲಿ ಅನ್ನಿಸಿತ್ತು. ಬ್ರಿಸ್ಬೇನಿನ ಕ್ಯೂಐಎಂಆರ್ ಬರ್ಗ್‌ಹೋಫರ್ ಸಂಸ್ಥೆಯ ಆಂಡ್ರಿಯಾಸ್ ಸೂರ್ಬಿಯರ್ ತಂಡ ಇಲಿಗಳ ಪಾದಕ್ಕೆ ವೈರಸ್ಸು ಚುಚ್ಚಿ, ಊದಿದ ಪಾದದಲ್ಲಿ ಯಾವ ಜೀನುಗಳು ಚುರುಕಾಗಿವೆ ಎಂದು ಜಾಲಾಡಿತು. ಗ್ರಾನ್‌ಝೈಮ್‌ಗಳು ಎದ್ದು ಕಂಡವು. ರಕ್ತದಲ್ಲೂ ಗ್ರಾನ್‌ಝೈಮ್ ಎ ಏರಿತ್ತು. ಸೋಂಕು ತಗುಲಿದ ಮನುಷ್ಯರಲ್ಲೂ ಏರಿದ್ದು ಕಂಡಿತು. ಈ ಕಿಣ್ವದ ಜೀನೇ ಇಲ್ಲದಂತೆ ಮಾಡಿದ ಇಲಿಗಳಿಗೆ ವೈರಸ್ಸು ಕೊಟ್ಟಾಗ ಪಾದದ ಊತ ಬಹಳ ಕಡಿಮೆ. ಲೆಕ್ಕ ಸರಿಹೋಯಿತು: ಕೀಲಿನ ಉರಿಯೂತಕ್ಕೆ ಗ್ರಾನ್‌ಝೈಮ್ ಎ ದೊಡ್ಡ ಕುಮ್ಮಕ್ಕು. ಅದನ್ನು ತಡೆಯುವ ಮದ್ದು ಸಿಕ್ಕರೆ ಕೀಲುನೋವಿಗೂ ಮದ್ದು ಸಿಕ್ಕಂತೆ.

ಐದು ವರ್ಷದ ಮೇಲೆ, 2022ರಲ್ಲಿ, ಅದೇ ತಂಡ ಇನ್ನೊಂದು ಪ್ರಬಂಧ ಹೊರತಂದಿತು. ತಾವು ಬಳಸಿದ ಇಲಿಗಳ ವಂಶಾವಳಿಯನ್ನು ಜೀನುಗಳ ಮಟ್ಟದಲ್ಲಿ ಓದಿನೋಡಿದಾಗ ತೊಡಕು ಕಂಡಿತ್ತು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಕಪ್ಪು ಇಲಿಯ ಎರಡು ಹತ್ತಿರದ ಉಪತಳಿಗಳಿವೆ. ಒಂದರಲ್ಲಿ ಎನ್‌ಎನ್‌ಟಿ ಎಂಬ ಜೀನು ತುಂಡಾಗಿದೆ, ಇನ್ನೊಂದರಲ್ಲಿ ಇಡಿಯಾಗಿದೆ. ಗ್ರಾನ್‌ಝೈಮ್ ಎ ಇಲ್ಲದ ಇಲಿಗಳು ಎರಡೂ ಉಪತಳಿಗಳ ಬೆರಕೆ; ಹೋಲಿಕೆಗೆ ಇಟ್ಟ ಇಲಿಗಳು ಒಂದೇ ತಳಿಯವು. ಪಾದದ ಊತ ಇಳಿಸಿದ್ದು ಈ ತಳಿಯ ವ್ಯತ್ಯಾಸ, ಗ್ರಾನ್‌ಝೈಮ್ ಎ ಇಲ್ಲದಿರುವುದಲ್ಲ ಎಂದು ತಂಡ ತೋರಿಸಿತು. ಸೀಳಿನ ಸೆರೀನನ್ನು ಮಾತ್ರ ಬದಲಿಸಿ, ಕಿಣ್ವ ಇದ್ದೂ ಕತ್ತರಿಸದಂತೆ ಮಾಡಿದ ಹೊಸ ಇಲಿಗಳನ್ನೂ ಅವರೇ ತಯಾರಿಸಿದರು. ರಕ್ತದಲ್ಲಿ ಓಡಾಡುವ ಗ್ರಾನ್‌ಝೈಮ್ ಎ ಉರಿಯೂತದ ಸಂಕೇತಗಳನ್ನು ಏರಿಸುವುದು ನಿಜ. ಆದರೆ ಚಿಕೂನ್‌ಗುನ್ಯಾದ ಕೀಲುನೋವನ್ನು ಅದರ ತಲೆಗೆ ಕಟ್ಟಲು ಹಳೆಯ ಸಾಕ್ಷ್ಯ ಸಾಲದು. ಇಷ್ಟಕ್ಕೇ ನಿಲ್ಲದೆ, ಜಗತ್ತಿನ ಪ್ರಯೋಗಾಲಯಗಳು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿರುವ ಇಲಿಗಳ ಜೀನು ದತ್ತಾಂಶವನ್ನೂ ಶೋಧಿಸಿದರು. ಒಂದೇ ಶುದ್ಧ ತಳಿ ಎಂದು ಬರೆದುಕೊಂಡ ಯೋಜನೆಗಳಲ್ಲಿ ಸುಮಾರು ಶೇ 38ರಷ್ಟು ಆ ತಳಿಗೆ ಹೊಂದುತ್ತಿರಲಿಲ್ಲ.

ತಮ್ಮದೇ ದೊಡ್ಡ ಶೋಧವನ್ನು ತಾವೇ ಕೆಡವಿದ ಈ ಪ್ರಬಂಧ ಗ್ರಾನ್‌ಝೈಮ್ ಸಂಶೋಧನೆಗೆ ಮೊದಲಿನದಕ್ಕಿಂತ ಹೆಚ್ಚು ಉಪಕಾರ ಮಾಡಿತು. ಕಿಣ್ವವನ್ನು ತಡೆದರೆ ಕೀಲುನೋವು ಹೋಗುತ್ತದೆ ಎಂಬ ಭರವಸೆಯನ್ನು ಸದ್ಯಕ್ಕೆ ಬದಿಗಿಡಬೇಕು.

ಬೆಂಗಳೂರಿನಲ್ಲಿ ಹೊಸ ಗುರಿ

ಗ್ರಾನ್‌ಝೈಮನ್ನು ತಡೆಯುವ ಬದಲು ಬೇಕೆಂದ ಕಡೆಗೆ ಕಳಿಸುವ ವಿದ್ಯೆ ಈಗ ಕರ್ನಾಟಕಕ್ಕೂ ಬಂದಿದೆ. ಕಾರ್-ಟಿ ಎಂಬ ಚಿಕಿತ್ಸೆಯಲ್ಲಿ ರೋಗಿಯದೇ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವ ಹೊಸ ಗ್ರಾಹಕದ ಜೀನನ್ನು ಸೇರಿಸಿ, ಬೆಳೆಸಿ, ವಾಪಸು ಹರಿಸುತ್ತಾರೆ. ಗುರುತಿಸುವ ಬಗೆ ಹೊಸದು. ಕೊಲ್ಲುವ ಬಗೆ ಮುಖ್ಯವಾಗಿ ಅದೇ ಪರ್ಫೊರಿನ್, ಅದೇ ಗ್ರಾನ್‌ಝೈಮ್.

ಬಾಂಬೆ ಐಐಟಿಯಲ್ಲಿ ಹುಟ್ಟಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಉದ್ಯಮಿ ಕಿರಣ್ ಮಜುಂದಾರ್ ಷಾ, ಕ್ಯಾನ್ಸರ್ ವೈದ್ಯ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸೇರಿ ಕಟ್ಟಿದ ಬೆಂಗಳೂರಿನ ಇಮ್ಯುನೀಲ್ ಥೆರಪ್ಯೂಟಿಕ್ಸ್, ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಕಾರ್-ಟಿ ವಿದ್ಯೆಯನ್ನು ತಂದು 2025ರ ಜನವರಿಯಲ್ಲಿ ಕಾರ್ಟೆಮಿ ಹೆಸರಿನಲ್ಲಿ ಬಿಡುಗಡೆ ಮಾಡಿತು. ಇತರ ಚಿಕಿತ್ಸೆಗೆ ಬಗ್ಗದ, ಇಲ್ಲವೇ ಮರುಕಳಿಸಿದ ಬಿ ಕೋಶದ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಇರುವ ವಯಸ್ಕರಿಗೆ ಇದು.

ಇಲ್ಲೂ ತಡೆಯ ಪ್ರಶ್ನೆ ಬರುತ್ತದೆ. ಕಾರ್-ಟಿ ಪಡೆದ ಕೆಲವರಲ್ಲಿ ಮೊದಲ ದಿನಗಳಲ್ಲೇ ವಿಪರೀತ ಜ್ವರ ಏರಿ, ರಕ್ತದೊತ್ತಡ ಇಳಿಯುತ್ತದೆ. 2020ರಲ್ಲಿ ಚೀನಾದ ವಿಜ್ಞಾನಿಗಳು ಇದಕ್ಕೆ ಒಂದು ಕಾರಣ ತೋರಿಸಿದರು: ಒಮ್ಮೆಗೇ ಹೇರಳವಾಗಿ ಹೋದ ಗ್ರಾನ್‌ಝೈಮ್ ಬಿ ಕ್ಯಾನ್ಸರ್ ಕೋಶದ ಗ್ಯಾಸ್ಡರ್ಮಿನ್ ಇಯನ್ನು ಎಚ್ಚರಿಸಿ ಅದನ್ನು ಸಿಡಿಸುತ್ತದೆ. ಅದಕ್ಕೇ ಈ ಚಿಕಿತ್ಸೆ ಪಡೆದವರ ಮೇಲೆ ಆಸ್ಪತ್ರೆ ಹದ್ದುಗಣ್ಣಿಡುತ್ತದೆ.

ಕೊಲ್ಲಲಾಗದಿದ್ದರೆ

ಇನ್ನೊಂದು ಕಡೆಯ ಕಾಯಿಲೆ, ಅಂದರೆ ಕಿಣ್ವ ಹೋಗಬೇಕಾದ ಕಡೆ ಹೋಗದಿದ್ದಾಗ ಬರುವುದು, ಮೊದಲಿನದಕ್ಕಿಂತ ಘೋರ. 1999ರಲ್ಲಿ ಅಪರೂಪದ ಆನುವಂಶಿಕ ರೋಗವೊಂದಿರುವ ಮಕ್ಕಳಲ್ಲಿ ಪರ್ಫೊರಿನ್ ಜೀನು ಕೆಟ್ಟಿರುವುದು ಪತ್ತೆಯಾಯಿತು. ರೋಗದ ಹೆಸರು ಎಚ್‌ಎಲ್‌ಎಚ್. ಪರ್ಫೊರಿನ್ ಇಲ್ಲದಿದ್ದರೆ ಗ್ರಾನ್‌ಝೈಮ್ ಇದ್ದೂ ಇಲ್ಲದಂತೆ. ಕೊಲ್ಲಲಾಗದ ಟಿ ಕೋಶ ಸೋಂಕಿತ ಕೋಶವನ್ನು ಬಿಡುವುದೂ ಇಲ್ಲ. ಸಾಮಾನ್ಯಕ್ಕಿಂತ ಸುಮಾರು ಐದು ಪಟ್ಟು ಹೊತ್ತು ಅಂಟಿಕೊಂಡೇ ಇದ್ದು, ಅಷ್ಟು ಹೊತ್ತೂ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತದೆ ಎಂದು 2015ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಕೊಂಡರು. ಅದರಿಂದ ಕೆರಳಿದ ಮ್ಯಾಕ್ರೊಫೇಜ್‌ಗಳು ದೇಹದ್ದೇ ರಕ್ತಕಣಗಳನ್ನು ನುಂಗತೊಡಗುತ್ತವೆ. ಜ್ವರ ಬಿಡದು, ಗುಲ್ಮ ಊದಿ ಹೊಟ್ಟೆ ದೊಡ್ಡದಾಗುತ್ತದೆ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಕುಸಿಯುತ್ತವೆ.

ಇದರ ಒಂದು ಬಗೆಯನ್ನು ಕೂದಲಿನಲ್ಲೇ ಗುರುತಿಸಬಹುದು. ಗ್ರಿಸೆಲ್ಲಿ ಎಂಬ ರೋಗದ ಎರಡನೇ ಬಗೆಯಲ್ಲಿ ಕಾಳುಗಳನ್ನು ಪೊರೆಯವರೆಗೆ ತಲುಪಿಸುವ ರಾಬ್27ಎ ಎಂಬ ಪ್ರೊಟೀನು ಕೆಟ್ಟಿರುತ್ತದೆ. ಕೂದಲಿಗೆ ಬಣ್ಣ ತಲುಪಿಸುವುದಕ್ಕೂ ಅದೇ ಬೇಕು. ಹಾಗಾಗಿ ಮಗು ಬೆಳ್ಳಿಯಂತೆ ಹೊಳೆಯುವ ಕೂದಲಿನೊಂದಿಗೆ ಹುಟ್ಟುತ್ತದೆ. ಒಂದು ಎಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಸಮನಾಗಿ ಹರಡಿರಬೇಕಾದ ಬಣ್ಣ ಗಂಟುಗಂಟಾಗಿ ನಿಂತಿರುವುದು ಕಾಣುತ್ತದೆ.

ಈ ಕಾಯಿಲೆಗಳ ಮುಖ್ಯ ಬಗೆಗಳು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಮಗ ಎಂದು ಸಂಬಂಧದೊಳಗೇ ಹೆಣ್ಣು ಕೊಟ್ಟು ತರುವ ರೂಢಿಯಿರುವ ಕಡೆ ಆ ಸಾಧ್ಯತೆ ಸಹಜವಾಗಿ ಹೆಚ್ಚು. ಹುಟ್ಟಿನಿಂದ ಬರುವ ಎಚ್‌ಎಲ್‌ಎಚ್‌ಗೆ ಅಸ್ಥಿಮಜ್ಜೆ ಕಸಿಯೇ ಖಾಯಂ ಪರಿಹಾರ.

ಜೀನು ಸರಿಯಿದ್ದವರಿಗೂ ಸೋಂಕಿನ ಬೆನ್ನಿಗೆ ಇದೇ ಸ್ಥಿತಿ ಬರಬಹುದು. ಭಾರತದಲ್ಲಿ ಡೆಂಗಿ, ಸ್ಕ್ರಬ್ ಟೈಫಸ್, ಮಲೇರಿಯಾ, ಕ್ಷಯದ ಜೊತೆಗೆ ಇದು ಬಂದ ಉದಾಹರಣೆಗಳು ಸಾಕಷ್ಟಿವೆ. ಬೇಗ ಗೊತ್ತಾದರೆ ಸ್ಟಿರಾಯ್ಡ್‌ನಂಥ ಮದ್ದಿನಿಂದ ಹತೋಟಿಗೆ ತರಬಹುದು. ತಡವಾದರೆ ಪ್ರಾಣಕ್ಕೆ ಅಪಾಯ. ಸುಳಿವು ಕೊಡುವ ಫೆರಿಟಿನ್ ರಕ್ತಪರೀಕ್ಷೆ ಅಪರೂಪದ್ದೇನಲ್ಲ, ಜಿಲ್ಲಾ ಕೇಂದ್ರದ ಲ್ಯಾಬ್‌ಗಳಲ್ಲೂ ಆಗುತ್ತದೆ. ಆದ್ದರಿಂದ ವಾರ ಕಳೆದರೂ ಜ್ವರ ಇಳಿಯದೆ, ಹೊಟ್ಟೆ ಉಬ್ಬಿ, ರಕ್ತಕಣಗಳ ಎಣಿಕೆ ಇಳಿಯುತ್ತ ಹೋದರೆ ಇದು ಡೆಂಗಿಯಷ್ಟೇ ಎಂದು ಕೂರದೆ, ಫೆರಿಟಿನ್ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಹಿಂದೆ ಎಳೆಗೂಸೊಂದು ಕಾರಣ ತಿಳಿಯದ ಜ್ವರಕ್ಕೆ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಮುಂದಿನ ಮಗುವಿಗೆ ಮೊದಲೇ ಜೀನು ಪರೀಕ್ಷೆಯ ಸಲಹೆ ಪಡೆಯಿರಿ.